ಉಳಿತಾಯ

ಕಂಕನಾಡಿಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ರಾತ್ರಿ ಎಂಟೂವರೆಗೆ ಶಟರ್ ಅರ್ಧ ಎಳೆದರೆ
ಲ್ಯಾಮಿನೇಶನ್ ಮೇಜಿನ ಮೇಲೆ ಗುಹೆ ತೆರೆಯುತ್ತದೆ.
ತಬ್ಸೀರಾ ಮಾಟಗಾತಿ. ಮೆಲ್ರಿಡಾ ಬೀಗ ಮುರಿಯುವವಳು,
ಹತ್ತಕ್ಕೆ ನೈಟ್ ಡ್ಯೂಟಿ, ಬಿಳಿ ಶೂ ಹಾಕಿಯೇ ಬಂದಿದ್ದಾಳೆ.
ಬಂದರಿನ ಐಸ್ ಪ್ಲಾಂಟಿನ ಕೋಟ್ಯಾನ್ ಖಡ್ಗದವನು;
ಸಿಕ್ಕಿದ ಚಿನ್ನವೆಲ್ಲ ಸುರಿದು ಮಾಡಿಸಿದ ಉಕ್ಕಿನ ಕವಚ, ಹದಿನೆಂಟು.
ಬಂಗುಡೆ ವಾಸನೆ ಲೆಕ್ಕಕ್ಕಿಲ್ಲ.

ಇವತ್ತು ಹಲ್ಲಿ ಬಂತು. ಎಂಟು ಕಾಲಿನದು.
ಕೋಟ್ಯಾನ್ ಎದುರು ನಿಂತು
ಸುಮ್ಮನೆ ನೋಡಿತು.

"ಎಸಿ," ಎಂದೆ.
"ನಾನಾ? ಹೊಡೆಯುವುದು ಅದಲ್ವಾ?
ಅದೇ ಎಸೆಯಲಿ, ನನ್ನ ಕವಚ ದಾಟಲಿ ನೋಡುವ."

ಅಲ್ಲೇ ಇರುವುದು ಮಾರಾಯ ವಿಷಯ.
ಕಚ್ಚಿದರೆ ದಾಳ ಅದರದ್ದು, ಕವಚ ನಿನ್ನದು.
ನೋಡಿದರೆ ಹಾಗಲ್ಲ. ನೋಟಕ್ಕೆ ಗುರಿ ತಪ್ಪುವುದಿಲ್ಲ,
ಉಕ್ಕಿನ ಸಂದಿಯಲ್ಲಿ ಸೆಕೆ ಹೊಕ್ಕ ಹಾಗೆ ಹೊಕ್ಕುತ್ತದೆ.
ಹಲ್ಲಿ ತನ್ನ ಕೆಲಸ ಮುಗಿಸಿ ಆಯಿತು.
ಇನ್ನು ಎಸೆಯಬೇಕಾದವನು ನೀನು:
ಇಪ್ಪತ್ತು ಮುಖದ ದಾಳ, ಮೇಲೆ ನಿನ್ನ ಮೈಯ ಗಟ್ಟಿತನ,
ಕೂಡಿಸಿ ಹಲ್ಲಿಯ ಹನ್ನೆರಡನ್ನು ಮುಟ್ಟಬೇಕು.
ಮುಟ್ಟಿದರೆ ಸಾಕು, ದಾಟಬೇಕೆಂದಿಲ್ಲ.
ಇದಕ್ಕೆ ಸೇವಿಂಗ್ ಥ್ರೋ ಅನ್ನುತ್ತಾರೆ.

"ಸೇವಿಂಗ್ಸಾ? ಯಾವ ಬ್ಯಾಂಕು?"
ಶಟರಿನ ಅಡಿಯಲ್ಲಿ ಬಗ್ಗಿ ಆಗಲೇ ಒಳಗೆ ಬಂದಿದ್ದರು
ಪಿಗ್ಮಿ ರುಕ್ಮಯಣ್ಣ, ಕಂಕುಳಲ್ಲಿ ರಶೀದಿ ಮಶೀನು.
ಬ್ಯಾಂಕಲ್ಲ ಮಾರಾಯ್ರೆ, ಉಳಿಯುವುದು,
ಜೀವ ಉಳಿಯುವುದು, ಎಂದಳು ಮೆಲ್ರಿಡಾ.
"ನಾನು ಬೇರೆ ಎಂತ ಹೇಳಿದ್ದು?"
ಟೋನರ್ ಪೆಟ್ಟಿಗೆಯ ಮೇಲೆ ಕೂತೇ ಬಿಟ್ಟರು.

ದಾಳ ಉರುಳಿತು. ನಾಲ್ಕು.
ಗಟ್ಟಿತನ ಮೂರು. ಏಳು.
ಕೋಟ್ಯಾನನ ಪಾದ ಮುರಕಲ್ಲಾಯಿತು,
ಕೆಂಪು, ತೂತು ತೂತು, ಮೊಣಕಾಲಿನವರೆಗೆ.

"ಸತ್ತನಾ?"
ಇಲ್ಲ, ಇನ್ನೊಂದು ಸರದಿ ಉಂಟು. ಅದರ ಕೊನೆಗೆ ಮತ್ತೆ ಎಸೆತ.
ಆಗಲೂ ತಪ್ಪಿದರೆ ಪೂರ್ತಿ ಕಲ್ಲು, ಪಾಯಕ್ಕೆ ಹಾಕಬಹುದು.
"ಆ ಮೂರು ಎಲ್ಲಿಂದ ಬಂತು?"
ಹಿಂದಿನ ಗುಹೆಗಳಿಂದ. ಸ್ವಲ್ಪ ಸ್ವಲ್ಪ ಕೂಡಿದ್ದು.
"ಮೂರೇ ಆಯಿತಲ್ಲ," ಎಂದು ಕೋಟ್ಯಾನನ ಕವಚದ ಚಿತ್ರ ನೋಡಿದರು,
ಕಾರು ಕೊಂಡವನ ಪಾಸ್‌ಬುಕ್ ನೋಡಿದ ಹಾಗೆ.

ಬೆಂಕಿ ಉಗುಳುವಂಥದ್ದು ಬಂದರೆ? ಕೇಳಿದರು.
ಅದಕ್ಕೆ ಬೇರೆ ಲೆಕ್ಕ. ಗೆದ್ದರೂ ಅರ್ಧ ಸುಡುತ್ತದೆ.
ರುಕ್ಮಯಣ್ಣ ತಲೆಯಾಡಿಸಿದರು.
ಎದುರಿನ ಆಸ್ಪತ್ರೆಯಲ್ಲಿ ಒಮ್ಮೆ ಡಾಕ್ಟರು
ಫಿಲ್ಮನ್ನು ಬೆಳಕಿಗೆ ಹಿಡಿದು ಸುಮ್ಮನೆ ನೋಡಿದ್ದರಂತೆ.
"ಎರಡರಲ್ಲಿ ಒಂದು ಕಿಡ್ನಿ ಹೋಯಿತು. ಒಂದು ಉಂಟಲ್ಲ.
ಗೆದ್ದದ್ದು ಅಂತ ಇವತ್ತು ಗೊತ್ತಾಯಿತು."

ಕೋಟ್ಯಾನ್ ದಾಳವನ್ನು ಅವರ ಕೈಗೆ ಕೊಡಲು ಹೋದ.
"ಬೇಡಪ್ಪ. ನಿನ್ನ ಖಾತೆ, ನೀನೇ ಕಟ್ಟು."
ಅಂಗೈಯಲ್ಲಿ ಉಸಿರೂದಿ ಎಸೆದ. ಎಂಟು. ಮೂರು ಸೇರಿ
ಹನ್ನೊಂದು.

"ಒಂದೇ ಒಂದು ಕಮ್ಮಿಯಾ?" ರುಕ್ಮಯಣ್ಣನ ಕೈ ತಾನಾಗಿ
ಅಂಗಿಯ ಕಿಸೆಗೆ ಹೋಯಿತು.
"ಒಂದು ತಾನೇ, ನಾನು ಹಾಕುತ್ತೇನೆ. ನಾಳೆ ಕೊಡಲಿ."
ಎಷ್ಟು ಜನರಿಗೆ ಹಾಕಿದ್ದಾರೋ ಹಾಗೆ, ಈ ಬೀದಿಯಲ್ಲಿ,
ಮಳೆಗೆ ವ್ಯಾಪಾರವಿಲ್ಲದ ದಿನ ನನಗೂ.
ತಬ್ಸೀರಾ ನನ್ನನ್ನೇ ನೋಡಿದಳು. ಎಲ್ಲರೂ ನೋಡಿದರು.
ಹಲ್ಲಿಯ ಪರವಾಗಿ ಕೂತವನು ನಾನು.

ಆಗುವುದಿಲ್ಲ ರುಕ್ಮಯಣ್ಣ, ಎಂದೆ.
ಹೇಳುವಾಗ ನಾಲಿಗೆ ಮುರಕಲ್ಲಿನಷ್ಟೇ ಒರಟು.

ಅವರು ಬೇಸರಿಸಲಿಲ್ಲ. ನನ್ನ ಐವತ್ತಕ್ಕೆ ರಶೀದಿ ಹರಿದು ಕೊಟ್ಟು,
"ಕಲ್ಲಾದವನಿಗೆ ಔಷಧಿ ಉಂಟಾ?" ಕೇಳಿದರು.
ಉಂಟು, ದೂರ ಉಂಟು, ಹುಡುಕಬೇಕು.
"ಹಾಗಾದರೆ ಖಾತೆ ಮುಚ್ಚಬೇಡಿ," ಎಂದು ಬಗ್ಗಿ ಹೊರಟರು,
ಒಂದು ಬದಿ ಕೈಯಿಂದ ಒತ್ತಿ ಹಿಡಿದುಕೊಂಡು.

ಶಟರ್ ಪೂರ್ತಿ ಎಳೆಯುವ ಹೊತ್ತಿಗೆ
ಕೋಟ್ಯಾನ್ ಏಳಲು ಹೋಗಿ ಕುರ್ಚಿ ಹಿಡಿದ.
ಕಾಲು ಜೋಮು ಹಿಡಿದಿದೆ, ಎಂದ.
ಮೆಲ್ರಿಡಾ ಮಾತ್ರ ನಕ್ಕಳು, ಆಮೇಲೆ ಬಗ್ಗಿ
ಅವನ ಪಾದವನ್ನು ತಿಕ್ಕಿದಳು.